ಜಪ್ತಿಯಾದ ಬಣ್ಣಗಳು

ಶಾಲೆಯ ಗುಮಾಸ್ತ ಗುರುಬಸಪ್ಪ ಫೋನ್ ಮಾಡಿದಾಗ ಪುಟ್ಟಲಕ್ಷ್ಮಿ ಮಿಸ್ ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದರು.

"ಮಿಸ್, ಸ್ಟಾಫ್ ರೂಮಿಗೆ ಸುಣ್ಣ ಬಣ್ಣ ಮಾಡಿಸ್ತಾ ಇದೀವಿ. ನಿಮ್ಮ ಬೀರು ಇನ್ನೂ ಬೀಗ ಹಾಕ್ಕೊಂಡೇ ಇದೆ. ಒಡೆದುಬಿಡೋಣ ಅಂದ್ರು ಹೆಡ್ ಮಿಸ್. ನಾನೇ ಬೇಡ ಅಂದೆ."

"ಒಡೀಬೇಡಿ. ನಾಳೆ ಬರ್ತೀನಿ," ಎಂದರು ಮಿಸ್.

ನಿವೃತ್ತಿಯಾಗಿ ಏಳು ವರ್ಷವಾಗಿತ್ತು. ಆದರೂ ಬೀಗದ ಕೈ ಹುಡುಕಲು ಒಂದು ನಿಮಿಷವೂ ಹಿಡಿಯಲಿಲ್ಲ. ವಸ್ತು ಎಲ್ಲಿರಬೇಕೋ ಅಲ್ಲಿರಬೇಕು ಎನ್ನುವ ಹೆಂಗಸು ಅವರು. ಮಾರನೆಯ ದಿನ ಬಸವೇಶ್ವರನಗರದಿಂದ ಆಟೋ ಹಿಡಿದು ರಾಜಾಜಿನಗರದ ಆ ಹೆಣ್ಣುಮಕ್ಕಳ ಹೈಸ್ಕೂಲಿಗೆ ಹೋದರು. ಮೂವತ್ತೊಂದು ವರ್ಷ ಲೆಕ್ಕ ಹೇಳಿಕೊಟ್ಟ ಶಾಲೆ. ಬೀರುವಿನಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳು, ಬೋರ್ಡಿನ ಮೇಲೆ ವೃತ್ತ ಬರೆಯುವ ಮರದ ಕೈವಾರ, ಮತ್ತು ಕೆಳಗಿನ ಅರೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬ. ಅದರಲ್ಲಿ ಏನಿದೆಯೆಂದು ತೆರೆಯುವ ಮುಂಚೆಯೇ ಅವರಿಗೆ ಗೊತ್ತಿತ್ತು.

ಪ್ರತಿ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳ ಉಗುರು ನೋಡುವ ಕೆಲಸ ಪುಟ್ಟಲಕ್ಷ್ಮಿ ಮಿಸ್‌ದು. ಉದ್ದ ಬೆಳೆಸಿದ್ದರೆ ಅಲ್ಲೇ ಕತ್ತರಿಸಬೇಕು. ಬಣ್ಣ ಹಚ್ಚಿದ್ದರೆ ತೆಗೆಯಬೇಕು. ಬ್ಯಾಗಿನಲ್ಲಿ ನೇಲ್ ಪಾಲಿಶ್ ಸಿಕ್ಕಿದರೆ ಜಪ್ತಿ. ಆದರೆ ಮಕ್ಕಳ ವಸ್ತು ಇಟ್ಟುಕೊಳ್ಳುವ ಜಾಯಮಾನ ಅವರದಲ್ಲ. ಒಂದೊಂದು ಬಾಟಲಿಗೂ ಹುಡುಗಿಯ ಹೆಸರು, ತರಗತಿ, ತಾರೀಖು ಬರೆದ ಚೀಟಿ ಅಂಟಿಸುತ್ತಿದ್ದರು. ವರ್ಷದ ಕೊನೆಗೆ ಅಮ್ಮನೋ ಅಪ್ಪನೋ ಬಂದು ಸಹಿ ಹಾಕಿ ತೆಗೆದುಕೊಂಡು ಹೋಗಬಹುದು. ಕೆಲವರು ಬಂದಿದ್ದರು. ಮನೆಯಲ್ಲಿ ಗೊತ್ತಾಗುವುದಕ್ಕಿಂತ ಬಾಟಲಿ ಹೋದರೆ ಹೋಗಲಿ ಎಂದುಕೊಂಡವರೇ ಹೆಚ್ಚು. ಹಾಗೆ ಉಳಿದವು ಹತ್ತೊಂಬತ್ತು.

ಡಬ್ಬವನ್ನು ಮನೆಗೆ ತಂದರು. ಶನಿವಾರ ಮೊಮ್ಮಗಳು ಇಂಚರಾ ಮಹಾಲಕ್ಷ್ಮಿ ಲೇಔಟಿನಿಂದ ಬಂದವಳು ಅದನ್ನು ನೋಡಿಯೇಬಿಟ್ಟಳು. ಹತ್ತು ವರ್ಷದ ಹುಡುಗಿ. ಬಾಟಲಿಗಳನ್ನು ನೆಲದ ಮೇಲೆ ಸಾಲಾಗಿ ನಿಲ್ಲಿಸಿದಳು.

"ಅಜ್ಜಿ, ಇದೆಲ್ಲಾ ನಿಂದಾ? ನಾನು ಹಚ್ಕೋಬಹುದಾ?"

"ಮುಟ್ಬೇಡ. ಎಷ್ಟು ವರ್ಷ ಹಳೇದೋ ಏನೋ. ಉಗುರಿಗೆ ಏನಾದ್ರೂ ಆದ್ರೆ ನಿಮ್ಮಮ್ಮ ನನ್ನ ಸುಮ್ನೆ ಬಿಡ್ತಾಳಾ?"

"ಎಕ್ಸ್‌ಪೈರಿ ಡೇಟ್ ನೋಡು."

ಮಿಸ್ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ತಿರುಗಿಸಿ ನೋಡಿದರು. ಬಹಳಷ್ಟರ ಮೇಲೆ ಏನೂ ಇರಲಿಲ್ಲ. ಒಂದರ ಅಡಿಯಲ್ಲಿ ಮಾತ್ರ ಮುಚ್ಚಳ ತೆರೆದ ಡಬ್ಬಿಯ ಪುಟ್ಟ ಚಿತ್ರ, ಅದರೊಳಗೆ ಇಪ್ಪತ್ತನಾಲ್ಕು ಎಂಬ ಅಂಕೆ ಮತ್ತು ಎಂ ಅಕ್ಷರ. ತೆರೆದ ಮೇಲೆ ಇಪ್ಪತ್ತನಾಲ್ಕು ತಿಂಗಳು ಎಂದಿರಬೇಕು ಎಂದು ಲೆಕ್ಕದ ಮಿಸ್ ಊಹಿಸಿದರು. ತಾವು ಜಪ್ತಿ ಮಾಡಿದ ದಿನ ಗೊತ್ತು. ಹುಡುಗಿ ತೆರೆದದ್ದು ಯಾವತ್ತು? ಆ ಒಂದು ಸಂಖ್ಯೆ ಇಲ್ಲದೆ ಲೆಕ್ಕ ಮುಂದೆ ಹೋಗುವುದಿಲ್ಲ.

ಆಗಲೇ ಆ ಚೀಟಿ ಕಣ್ಣಿಗೆ ಬಿತ್ತು. 'ಬಿ. ಜ್ಯೋತಿಲಕ್ಷ್ಮಿ, 9 ಬಿ, 12-7-2004. ಉಗುರು ಕೊಳಕು, ಹಿಂದಿನ ವಾರವೇ ಎಚ್ಚರಿಕೆ ಕೊಟ್ಟಿದೆ.' ಬಾಟಲಿಯಲ್ಲಿ ಕಡು ಕಂದುಗೆಂಪು ಬಣ್ಣ.

ಜ್ಯೋತಿಲಕ್ಷ್ಮಿ ಹೋದ ವರ್ಷ ಮಾರೇನಹಳ್ಳಿಯಲ್ಲಿ ತರಕಾರಿ ಕೊಳ್ಳುವಾಗ ಸಿಕ್ಕಿದ್ದಳು. ಕಾಲಿಗೆ ನಮಸ್ಕಾರ ಮಾಡಿ, "ಚಂದ್ರಾ ಲೇಔಟಲ್ಲಿ ಪಾರ್ಲರ್ ಇಟ್ಟಿದೀನಿ ಮಿಸ್, ಒಂದ್ಸಲ ಬನ್ನಿ," ಎಂದು ಕಾರ್ಡು ಕೊಟ್ಟಿದ್ದಳು. ಸರಿ, ಅವಳಿಗಿಂತ ಚೆನ್ನಾಗಿ ಇದನ್ನು ಹೇಳುವವರು ಯಾರು? ಅವಳ ಬಾಟಲಿ ಅವಳಿಗೆ ಕೊಟ್ಟ ಹಾಗೂ ಆಯಿತು. ಇಪ್ಪತ್ತೊಂದು ವರ್ಷ ಕಳೆದರೂ ಕೊಟ್ಟ ಮಾತು ಉಳಿಸಿಕೊಂಡೆ ಎಂದು ಮಿಸ್‌ಗೆ ಒಳಗೊಳಗೇ ಹೆಮ್ಮೆ. ಸೋಮವಾರ ಬೆಳಿಗ್ಗೆ ಡಬ್ಬವನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಟರು.

ಪಾರ್ಲರ್ ಹಿಟ್ಟಿನ ಗಿರಣಿಯ ಪಕ್ಕದ ಒಂದೇ ಕೋಣೆ. ಎರಡು ಕುರ್ಚಿ, ಉದ್ದನೆಯ ಕನ್ನಡಿ, ಬಾಗಿಲಿಗೆ ಹೂವಿನ ಪರದೆ. ಹುಬ್ಬು ತಿದ್ದಿಸಿಕೊಂಡ ಒಬ್ಬಾಕೆ ಕನ್ನಡಿಯಲ್ಲಿ ನೋಡಿಕೊಳ್ಳುತ್ತಾ ಹೊರಗೆ ಹೋಗುತ್ತಿದ್ದಳು.

"ಅಯ್ಯೋ, ಮಿಸ್! ಬನ್ನಿ ಬನ್ನಿ," ಎಂದು ಜ್ಯೋತಿಲಕ್ಷ್ಮಿ ಕುರ್ಚಿ ಒರೆಸಿದಳು. ಈಗ ಮೂವತ್ತೈದರ ಹೆಂಗಸು, ದುಂಡು ಮುಖ, ಕೂದಲನ್ನು ಎತ್ತಿ ಕಟ್ಟಿ ಕ್ಲಿಪ್ ಹಾಕಿದ್ದಳು. ಮಿಸ್ ಡಬ್ಬ ತೆರೆದು ಬಂದ ಕೆಲಸ ಹೇಳಿದರು. ಅವಳ ಬಾಟಲಿಯ ವಿಷಯ ಮಾತ್ರ ಕೊನೆಗೆ ಹೇಳೋಣವೆಂದು ಬಾಯಿ ಬಿಡಲಿಲ್ಲ.

ಜ್ಯೋತಿಲಕ್ಷ್ಮಿ ನೆಲದ ಮೇಲೆ ಹಳೆಯ ಪೇಪರ್ ಹಾಸಿ ಕೂತಳು. ಒಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. "ನೋಡಿ ಮಿಸ್, ಮೇಲೆ ಎಣ್ಣೆ ಥರ ನಿಂತಿದೆ, ಬಣ್ಣ ಕೆಳಗೆ ಕೂತಿದೆ. ಬರೀ ಇದಕ್ಕೇ ಕೆಟ್ಟುಹೋಗಿದೆ ಅನ್ನೋಕಾಗಲ್ಲ." ಎರಡು ಅಂಗೈ ನಡುವೆ ಇಟ್ಟು, ಬತ್ತಿ ಹೊಸೆಯುವ ಹಾಗೆ ಹೊರಳಿಸಿದಳು. "ಕುಲುಕಬಾರದು, ಗುಳ್ಳೆ ಬರುತ್ತೆ. ಹಿಂಗೆ ಹೊರಳಿಸ್ಬೇಕು. ಎರಡು ನಿಮಿಷಕ್ಕೆ ಬೆರೆತ್ರೆ ಜೀವ ಇದೆ ಅಂತ. ಇದು ಬೆರೀತಾ ಇಲ್ಲ, ಹೋಯ್ತು."

ಇನ್ನೊಂದರ ಮುಚ್ಚಳ ತಿರುಗಿಸಿ ಬ್ರಷ್ ಎತ್ತಿದಳು. ಜೇನಿನ ಹಾಗೆ ನೂಲು ಎಳೆಯಿತು. "ಇದು ಉಗುರ ಮೇಲೆ ಒಣಗೋದೇ ಇಲ್ಲ. ಒಣಗಿದ್ರೂ ಎರಡು ದಿನಕ್ಕೆ ಸಿಪ್ಪೆ ಥರ ಏಳುತ್ತೆ."

"ನೇಲ್ ಪಾಲಿಶ್ ತೆಗಿಯೋ ನೀರು ನಾಲ್ಕು ಹನಿ ಹಾಕಿದ್ರೆ ತೆಳುವಾಗಲ್ವಾ?"

"ಎಲ್ರೂ ಅದನ್ನೇ ಮಾಡೋದು. ಮಾಡಬಾರ್ದು. ಅದು ತೆಗಿಯೋಕಿರೋದು, ಬಣ್ಣಾನೇ ಒಡೆದುಹಾಕುತ್ತೆ. ತೆಳು ಮಾಡೋಕೆ ಥಿನ್ನರ್ ಅಂತ ಬೇರೆ ಬರುತ್ತೆ." ಬಾಟಲಿಯನ್ನು ಮೂಗಿಗೆ ಸ್ವಲ್ಪ ದೂರ ಹಿಡಿದಳು. "ಹೊಸದರ ವಾಸನೆ ನನಗೆ ಗೊತ್ತು. ಇದು ಹುಳಿ ಹುಳಿಯಾಗಿ ಬೇರೇನೇ ಹೊಡೀತಿದೆ. ಇಂಥದ್ದನ್ನ ನಾನು ಯಾರಿಗೂ ಹಚ್ಚಲ್ಲ."

"ವಿಷ ಆಗಿರುತ್ತಾ?"

"ವಿಷ ಅಂತಲ್ಲ. ಹಳೇದು ಉಗುರನ್ನ ಹಳದಿ ಮಾಡ್ಬಹುದು, ಚರ್ಮಕ್ಕೆ ಆಗದೇ ಇರೋರಿಗೆ ತುರಿಕೆ ಬರ್ಬಹುದು. ಇಪ್ಪತ್ತು ವರ್ಷದ ಹಿಂದೆ ಇದಕ್ಕೆ ಹಾಕ್ತಿದ್ದ ಕೆಮಿಕಲ್ ಕೆಲವನ್ನ ಈಗ ಒಳ್ಳೇ ಕಂಪನಿಗಳು ಹಾಕಲ್ಲ. ಏನೇನಿದೆ ಅಂತ ಬಾಟಲಿ ಮೇಲೂ ಬರೆದಿಲ್ಲ. ಗೊತ್ತಿಲ್ಲದೇ ಇರೋದನ್ನ ಯಾಕೆ ಹಚ್ಬೇಕು?"

ಹದಿನೈದು ನಿಮಿಷದಲ್ಲಿ ಹದಿನಾರು ಬಾಟಲಿ ಒಂದು ಕಡೆ ಸೇರಿದವು. ಉಳಿದ ಮೂರು 2017ರ ಒಂದು ಸೆಟ್. ಹುಟ್ಟುಹಬ್ಬಕ್ಕೆಂದು ಯಾರೋ ತಂದಿದ್ದು, ಸುತ್ತಿದ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ಅವನ್ನು ಬಿಡಿಸಿ ಹೊರಳಿಸಿದಾಗ ಚೆನ್ನಾಗಿಯೇ ಬೆರೆತವು, ವಾಸನೆಯೂ ಸರಿಯಿತ್ತು. "ದೊಡ್ಡೋರಾದ್ರೆ ಒಂದು ಉಗುರಿಗೆ ಹಚ್ಚಿ ಎರಡು ದಿನ ನೋಡ್ಬಹುದು. ಮಗೂಗೆ ಬೇಡ ಮಿಸ್, ಹೊಸದು ಕೊಡ್ಸಿ. ಹಾಳಾಗಿರೋದನ್ನ ಸಿಂಕಿಗೆ ಸುರೀಬೇಡಿ. ಮುಚ್ಚಳ ಬಿಗಿ ಮಾಡಿ ಬೇರೆ ಕಟ್ಟಿಟ್ಟು ಕಸದ ಗಾಡಿಯೋರಿಗೆ ಹೇಳಿ ಕೊಡಿ."

"ನಿನ್ನದೂ ಒಂದಿದೆ ನೋಡು ಅದ್ರಲ್ಲಿ," ಎಂದು ಮಿಸ್ ನಕ್ಕರು. "ವಾಪಸ್ ಕೊಡ್ತೀನಿ ಅಂದಿದ್ನಲ್ಲ."

"ಗೊತ್ತು ಮಿಸ್. ಆಗ್ಲೇ ನೋಡ್ದೆ." ಕಂದುಗೆಂಪು ಬಾಟಲಿಯನ್ನು ಅವಳು ಎಲ್ಲದರ ಹಾಗೆಯೇ ಹೊರಳಿಸಿ, ತೆರೆದು, ಹಾಳಾದವುಗಳ ಜೊತೆ ಇಟ್ಟಿದ್ದಳು. ಈಗ ಎತ್ತಿ ಚೀಟಿಯನ್ನು ಮತ್ತೊಮ್ಮೆ ಓದಿದಳು. "ಇದನ್ನ ಯಾಕೆ ತಗೊಂಡಿದ್ದೆ ಅಂತ ನಿಮಗೆ ಗೊತ್ತಾ ಮಿಸ್?"

"ಯಾಕೆ? ಆ ವಯಸ್ಸಲ್ಲಿ ಎಲ್ಲರಿಗೂ ಶೋಕಿ ಇರುತ್ತೆ."

"ಶೋಕಿ ಅಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ಮಮ್ಮ ಮನೇಲಿ ಊದುಬತ್ತಿ ಹೊಸೀತಿದ್ರು. ಸ್ಕೂಲಿಂದ ಬಂದ ತಕ್ಷಣ ನಾನೂ ಕೂರ್ತಿದ್ದೆ. ಇದ್ದಿಲ ಪುಡಿ ಕಲಸಿದ ಹಿಟ್ಟು ಅದು. ಉಗುರಿನ ಸಂದಿಗೆ ಹೋದ್ರೆ ಯಾವ ಸೋಪು ಹಾಕಿದ್ರೂ ಬರಲ್ಲ. ಒಂದು ಸೋಮವಾರ ನೀವು ನನ್ನ ಕೈ ಹಿಡಿದು ಮೇಲಕ್ಕೆತ್ತಿದ್ರಿ. 'ಕೊಳಕು ಉಗುರು ಅಂದ್ರೆ ಹಿಂಗಿರುತ್ತೆ, ಎಲ್ರೂ ನೋಡ್ಕೊಳ್ಳಿ' ಅಂದ್ರಿ. ಮುಂದಿನ ಸೋಮವಾರದೊಳಗೆ ಕಪ್ಪು ಮುಚ್ಚಬೇಕಿತ್ತಲ್ಲ. ಅಂಗಡೀಲಿ ಇದ್ದಿದ್ರಲ್ಲಿ ಇದೇ ಗಾಢ ಬಣ್ಣ."

ಪುಟ್ಟಲಕ್ಷ್ಮಿ ಮಿಸ್ ಕೈಚಾಚಿ ಬಾಟಲಿ ತೆಗೆದುಕೊಂಡು ತಾವೇ ಬರೆದ ಚೀಟಿ ನೋಡಿದರು.

"ಅವತ್ತು ನೀವು ಕ್ರಾಫ್ಟ್ ರೂಮಿಂದ ಮರ ಉಜ್ಜೋ ಉಪ್ಪುಕಾಗದ ತರ್ಸಿ ಕೊಟ್ರಿ. ಉಜ್ಜಿದೆ. ಬಣ್ಣ ಹೋದ್ಮೇಲೆ ಕೆಳಗಿನ ಕಪ್ಪು ಮತ್ತೆ ಕಾಣಿಸ್ತು. ಅದಕ್ಕೂ ಬೈದ್ರಿ."

"ಊದುಬತ್ತಿ ಕೆಲಸ ಅಂತ ಹೇಳ್ಬಹುದಿತ್ತಲ್ಲಮ್ಮಾ."

"ಕೇಳಿದ್ರೆ ಹೇಳ್ತಿದ್ದೆ ಮಿಸ್."

ಅಷ್ಟರಲ್ಲಿ ಇಬ್ಬರು ಗಿರಾಕಿಗಳು ಪರದೆ ಸರಿಸಿ ಬಂದರು. ಜ್ಯೋತಿಲಕ್ಷ್ಮಿ ಎದ್ದು ನಗುಮುಖದಿಂದ ಅವರನ್ನು ಕೂರಿಸಿದಳು. ಮಿಸ್ ಬಾಟಲಿಗಳನ್ನೆಲ್ಲ ಡಬ್ಬಕ್ಕೆ ತುಂಬಿಕೊಂಡು, "ಬರ್ತೀನಮ್ಮ," ಎಂದಷ್ಟೇ ಹೇಳಿ ಹೊರಬಂದರು. ಆಟೋಗಳು ಪಕ್ಕದಲ್ಲಿ ನಿಧಾನ ಮಾಡಿ ಕೇಳಿದರೂ ಹತ್ತಲಿಲ್ಲ. ವಿಜಯನಗರದವರೆಗೆ ನಡೆದೇ ಹೋದರು.

ಗಂಡ ಚಕ್ರಪಾಣಿಗೆ ಊಟದ ಹೊತ್ತಿಗೆ ಎಲ್ಲವನ್ನೂ ಹೇಳಿದರು. ಅವರು ಸಾರನ್ನಕ್ಕೆ ತುಪ್ಪ ಬಡಿಸಿಕೊಳ್ಳುತ್ತಾ, "ಇಪ್ಪತ್ತು ವರ್ಷದ ಮಾತು ಕಣೇ. ನಿನ್ನ ಡ್ಯೂಟಿ ನೀನು ಮಾಡಿದೆ. ಆ ಕಾಲದಲ್ಲಿ ಎಲ್ಲಾ ಟೀಚರುಗಳೂ ಹಂಗೇ ಇದ್ದಿದ್ದು," ಎಂದರು.

"ಎಲ್ಲರೂ ಉಪ್ಪುಕಾಗದ ಕೊಡ್ತಿರಲಿಲ್ಲರೀ."

ಅವರನ್ನು ಹೆಚ್ಚು ಕಾಡಿದ್ದು ಇನ್ನೊಂದು. ಅವರಿಗೆ ಆ ದಿನ ನೆನಪೇ ಇರಲಿಲ್ಲ. ಎಷ್ಟು ಹುಡುಕಿದರೂ ಆ ಹುಡುಗಿಯ ಕೈ, ಅದನ್ನು ಮೇಲಕ್ಕೆತ್ತಿದ ತಮ್ಮ ಕೈ, ಯಾವುದೂ ಕಣ್ಣಿಗೆ ಬರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಎಷ್ಟು ಸೋಮವಾರಗಳು! ಮರೆತದ್ದು ಇದೊಂದೇ ಎಂದು ನಂಬುವುದು ಹೇಗೆ? ಉಳಿದದ್ದು ತಮ್ಮದೇ ದುಂಡನೆಯ ಅಕ್ಷರದ ಚೀಟಿ. ಅದನ್ನು ಬರೆದವರು ತಾವಲ್ಲ ಎನ್ನುವಂತಿರಲಿಲ್ಲ.

ಮೂರು ದಿನ ಸುಮ್ಮನಿದ್ದರು. ನಾಲ್ಕನೇ ದಿನ ಬೆಳಿಗ್ಗೆ ಕಾರ್ಡು ನೋಡಿ ಫೋನ್ ಮಾಡಿದರು.

"ಜ್ಯೋತಿ, ಅವತ್ತು ನಾನು ಮಾಡಿದ್ದು ತಪ್ಪು," ಎಂದರು. ವಿದ್ಯಾರ್ಥಿನಿಯೊಬ್ಬಳಿಗೆ ಈ ಮಾತು ಅವರು ಜೀವನದಲ್ಲಿ ಹೇಳಿರಲಿಲ್ಲ. ಹೇಳಿದ ಮೇಲೆ ಮುಂದೇನು ಅಂತಲೂ ತಿಳಿಯಲಿಲ್ಲ.

ಆ ಕಡೆಯಿಂದ ಗಿರಣಿಯ ಸದ್ದು ಬರುತ್ತಿತ್ತು. "ಹೂಂ ಮಿಸ್," ಎಂದಳು ಜ್ಯೋತಿಲಕ್ಷ್ಮಿ. ಪರವಾಗಿಲ್ಲ ಎನ್ನಲಿಲ್ಲ. ಬಿಡಿ ಎಂದೂ ಹೇಳಲಿಲ್ಲ.

"ನಿಮ್ಮ ಕ್ಲಾಸಿನ ಅಪೂರ್ವನ ಹೆಸರಿಂದೂ ಒಂದು ಬಾಟಲಿ ಇದೆ. ಅವಳನ್ನೂ ನೋಡ್ಬೇಕು. ನಂಬರ್ ಇದ್ಯಾ?"

ನಂಬರ್ ಕಳಿಸಿದಳು.

ಎರಡನೇ ಶನಿವಾರ ಮಿಸ್ ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಗೆ ಹೋದರು. ಅಪೂರ್ವ ಬ್ಯಾಂಕಿನಲ್ಲಿ ಆಫೀಸರ್. ಉಪನಗರದಲ್ಲಿ ಸ್ವಂತ ಮನೆ, ಬಾಗಿಲಲ್ಲೇ ಕಾದು ನಿಂತಿದ್ದಳು. ಕಾಫಿ, ಕೋಡುಬಳೆ ಬಂದವು. ಬಾಟಲಿಯ ಚೀಟಿ ನೋಡಿ ಜೋರಾಗಿ ನಕ್ಕಳು. "ನನಗೆ ನೆನಪೇ ಇಲ್ಲ ಮಿಸ್! ಇದಕ್ಕೋಸ್ಕರ ಇಷ್ಟು ದೂರ ಬಂದ್ರಾ? ನನಗೆ ಬೈದಿದ್ರಿ ಅನ್ನೋದೂ ಮರ್ತುಹೋಗಿದೆ."

ಮಿಸ್‌ಗೆ ಹಗುರಾಗಬೇಕಿತ್ತು. ಆಗಲಿಲ್ಲ.

"ನನ್ನ ನಂಬರ್ ಯಾರು ಕೊಟ್ರು ಮಿಸ್?"

"ಜ್ಯೋತಿಲಕ್ಷ್ಮಿ."

"ಯಾವ ಜ್ಯೋತಿ? ನಮ್ಮಲ್ಲಿ ಇಬ್ರಿದ್ರಲ್ಲ." ಅಪೂರ್ವ ಫೋನ್ ತೆಗೆದು ಬೆರಳಾಡಿಸಿದಳು. "ಓ, ಜ್ಯೋತಿ ಕೆ.ಯು.!"

"ಅವಳ ಇನಿಷಿಯಲ್ ಬಿ. ಅಲ್ವಾ? ಅವರಪ್ಪ ಬೈರಯ್ಯ. ಹಾಜರಿ ಪುಸ್ತಕದಲ್ಲಿ ನಾನೇ ಬರೀತಿದ್ದೆ."

ಅಪೂರ್ವಳ ನಗು ಅರ್ಧಕ್ಕೆ ನಿಂತಿತು. ಫೋನನ್ನು ಮಡಿಲಲ್ಲಿ ಮಗುಚಿ ಹಾಕಿದಳು. "ಅದು ಇನಿಷಿಯಲ್ ಅಲ್ಲ ಮಿಸ್. ಕೊಳಕು ಉಗುರು. ಇಬ್ರು ಜ್ಯೋತಿ ಇದ್ರಲ್ಲ, ಗೊತ್ತಾಗ್ಲಿ ಅಂತ ಎಲ್ರೂ ಹಂಗೆ ಕರೀತಿದ್ವಿ. ಟೆನ್ತ್ ಮುಗಿಯೋವರೆಗೂ. ಆಮೇಲೆ ಅಭ್ಯಾಸ ಆಗೋಯ್ತು. ಸುಮಾರು ಜನರ ಫೋನಲ್ಲಿ ಹಂಗೇ ಇರ್ಬೇಕು."

ಪುಟ್ಟಲಕ್ಷ್ಮಿ ಮಿಸ್ ಕಾಫಿ ಲೋಟ ಕೆಳಗಿಟ್ಟರು. ನೆನಪಿಗೆ ಬಾರದ ಆ ಬೆಳಗು ಈಗ ಎದುರಿಗೇ ಕೂತ ಹಾಗಿತ್ತು. ತಾವು ಒಂದೇ ಸಲ ಅಂದ ಮಾತು, ತಾವು ಮರೆತ ಮೇಲೂ ಇಪ್ಪತ್ತೊಂದು ವರ್ಷ ಊರೆಲ್ಲಾ ಓಡಾಡಿಕೊಂಡಿತ್ತು.

"ಅದು ಕೊಳಕಲ್ಲಮ್ಮ," ಎಂದರು. "ಊದುಬತ್ತಿ ಹೊಸೆದ ಇದ್ದಿಲು. ಮನೇಲಿ ಅಮ್ಮನ ಜೊತೆ ಕೂತು ಹೊಸೀತಿದ್ಲು. ಆ ಹೆಸರು ನಾನು ಇಟ್ಟಿದ್ದು. ಏನು ಎತ್ತ ಅಂತ ಕೇಳದೇನೇ ಇಟ್ಟೆ."

ಅಪೂರ್ವ ಫೋನ್ ಎತ್ತಿಕೊಂಡು ಎರಡು ಅಕ್ಷರ ಅಳಿಸಿದಳು. "ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪ್ ಇದೆ ಮಿಸ್. ನಲವತ್ತು ಜನ ಇದೀವಿ. ನಿಮ್ಮನ್ನೂ ಸೇರಿಸ್ಲಾ? ನೀವೇ ಬರೆದುಬಿಡಿ."

ಮೆಟ್ರೋದಲ್ಲಿ ಸೀಟು ಸಿಕ್ಕಿತು. ಮಿಸ್ ಒಂದೊಂದೇ ಅಕ್ಷರ ಒತ್ತುತ್ತಾ ಬರೆದರು: 'ಮಕ್ಕಳೇ, ನಾನು ಪುಟ್ಟಲಕ್ಷ್ಮಿ. 2004ರಲ್ಲಿ ಪ್ರಾರ್ಥನೆಯ ಹೊತ್ತಿಗೆ ಜ್ಯೋತಿಲಕ್ಷ್ಮಿಯ ಕೈ ಎತ್ತಿ ಹಿಡಿದು ನಾನೊಂದು ಮಾತಾಡಿದೆ. ಅದು ಸುಳ್ಳು. ಅವಳ ಉಗುರಿನಲ್ಲಿದ್ದದ್ದು ಊದುಬತ್ತಿಯ ಇದ್ದಿಲು. ಬಡತನದಲ್ಲಿ ಆ ಮಗು ತಾಯಿಗೆ ನೆರವಾಗುತ್ತಿತ್ತು. ಆ ಅಡ್ಡಹೆಸರು ನನ್ನಿಂದ ಹುಟ್ಟಿದ್ದು. ಇನ್ನು ಯಾರೂ ಅದನ್ನು ಬಳಸಬೇಡಿ. ಜ್ಯೋತಿ, ನನ್ನದು ತಪ್ಪಾಯಿತು.'

ಕಳಿಸುವ ಗುರುತಿನ ಮೇಲೆ ಬೆರಳಿಡುವಷ್ಟರಲ್ಲಿ ಕೈ ತಡೆಯಿತು. ನಲವತ್ತು ಜನರ ಮುಂದೆ ಮತ್ತೆ ಅವಳ ಕೈಯನ್ನೇ ಎತ್ತಿ ತೋರಿಸುತ್ತಿದ್ದೇನಲ್ಲ? ಈ ಸಲವೂ ಅವಳನ್ನು ಕೇಳಿಲ್ಲ.

ವಿಜಯನಗರದಲ್ಲಿ ಇಳಿದು, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ಜ್ಯೋತಿಲಕ್ಷ್ಮಿಗೆ ಫೋನ್ ಮಾಡಿದರು. ಬರೆದದ್ದನ್ನು ಓದಿ ಹೇಳಿದರು. "ಕಳಿಸ್ಲಾ? ನೀನು ಬೇಡ ಅಂದ್ರೆ ಅಳಿಸಿಬಿಡ್ತೀನಿ."

"ಅಮ್ಮನ್ನ ಕೇಳಿ ಹೇಳ್ತೀನಿ ಮಿಸ್."

ಉತ್ತರ ಮಾರನೆಯ ದಿನ ಬಂತು. "ಅಮ್ಮ ಕಳಿಸ್ಲಿ ಅಂದ್ರು. ಆದ್ರೆ ಎರಡು ಕಡೆ ತಿದ್ಬೇಕು."

"ಹೇಳು, ಬರ್ಕೋತೀನಿ." ಮಿಸ್ ನಿಜವಾಗಿಯೂ ಪೆನ್ನು ತೆಗೆದುಕೊಂಡರು.

"'ಬಡತನದಲ್ಲಿ ಆ ಮಗು' ಅನ್ನೋ ಸಾಲು ತೆಗೀರಿ. ನಾವು ಕೆಲಸ ಮಾಡ್ತಿದ್ವಿ, ಅಷ್ಟೇ. ಅಯ್ಯೋ ಪಾಪ ಅನ್ಸೋದು ಬೇಡ ಅಂತಾರೆ ಅಮ್ಮ. ಆಮೇಲೆ, ಮಕ್ಕಳೇ ಅಂತ ಬೇಡ ಮಿಸ್. ಎಲ್ಲರಿಗೂ ಮೂವತ್ತೈದಾಯ್ತು."

ಮಿಸ್‌ಗೆ ಮೊದಲ ಸಲ ನಗು ಬಂತು. ಎರಡನ್ನೂ ತಿದ್ದಿ ಕಳಿಸಿದರು. ಸಂಜೆಯೊಳಗೆ ಗ್ರೂಪಿನಲ್ಲಿ ಹದಿನೆಂಟು ಉತ್ತರ ಬಂದವು. ಕೆಲವರು ಕೈಮುಗಿದ ಚಿತ್ರ ಹಾಕಿದರು, ಮೂವರು ತಮ್ಮದೂ ತಪ್ಪಾಯಿತೆಂದು ಬರೆದರು, ಒಬ್ಬಳು ಮಿಸ್‌ಗೆ ಶುಭ ಸಂಜೆ ಹೇಳಿ ಗುಲಾಬಿ ಹೂ ಕಳಿಸಿದಳು. ಉಳಿದವರು ಓದಿ ಸುಮ್ಮನಾದರು. ಜ್ಯೋತಿಲಕ್ಷ್ಮಿಯೂ ಏನೂ ಬರೆಯಲಿಲ್ಲ. ಬರೆಯಬೇಕೆಂದು ಮಿಸ್ ಕಾಯಲೂ ಇಲ್ಲ.

ಹತ್ತು ದಿನ ಬಿಟ್ಟು ಚಂದ್ರಾ ಲೇಔಟಿನ ಕಡೆ ಹೋಗಿದ್ದ ಮಿಸ್ ಪಾರ್ಲರಿನ ಪರದೆ ಸರಿಸಿದರು. ಈ ಸಲ ಕೈಯಲ್ಲಿ ಏನೂ ಇರಲಿಲ್ಲ, ಕೆಲಸವೂ ಇರಲಿಲ್ಲ. ಮಧ್ಯಾಹ್ನದ ಹೊತ್ತು, ಗಿರಾಕಿಗಳಿರಲಿಲ್ಲ. ಜ್ಯೋತಿಲಕ್ಷ್ಮಿ ಬಾಚಣಿಗೆಗಳನ್ನು ತೊಳೆದು ಟವೆಲಿನ ಮೇಲೆ ಹರಡುತ್ತಿದ್ದಳು.

"ಕೂತ್ಕೊಳ್ಳಿ ಮಿಸ್," ಎಂದಳು. ಅವರು ಚಪ್ಪಲಿ ಬಿಟ್ಟು ಬರುವುದನ್ನು ನೋಡುತ್ತಿದ್ದವಳು ಬಗ್ಗಿ ನೋಡಿದಳು. "ಹಿಮ್ಮಡಿ ಇಷ್ಟೊಂದು ಒಡೆದಿದೆಯಲ್ಲ. ಯಾಕೆ ಹಿಂಗಾಯ್ತು?"

"ನಿಂತೂ ನಿಂತೂ ಕಣಮ್ಮ. ದಿನಕ್ಕೆ ಆರು ಪೀರಿಯಡ್ಡು. ಆ ಕ್ಲಾಸ್ ರೂಮಿನ ನೆಲ ಗೊತ್ತಲ್ಲ ನಿನಗೆ, ಚಳಿಗಾಲದಲ್ಲಿ ಕಲ್ಲು ಕೊರೀತಿತ್ತು."

"ನೋಯುತ್ತಾ?"

"ನಡೆಯೋವಾಗ ನೋಯುತ್ತೆ. ಯಾರಿಗೂ ಹೇಳಿಲ್ಲ."

ಜ್ಯೋತಿಲಕ್ಷ್ಮಿ ಟಬ್ಬಿಗೆ ಬಿಸಿನೀರು ಬಿಟ್ಟು, ಒಂದು ಹಿಡಿ ಉಪ್ಪು ಹಾಕಿ, ಮೊಣಕೈ ಅದ್ದಿ ಶಾಖ ನೋಡಿದಳು. "ಸೀರೆ ಸ್ವಲ್ಪ ಎತ್ಕೊಳ್ಳಿ," ಎಂದಳು. ಮಿಸ್ ಸಂಕೋಚದಿಂದ ಒಂದು ಕಾಲಿಟ್ಟರು, ತಡೆದು ಇನ್ನೊಂದನ್ನೂ ಇಟ್ಟರು. ಪಕ್ಕದ ಗಿರಣಿಯಲ್ಲಿ ಯಾರೋ ರಾಗಿ ಹಾಕಿಸುತ್ತಿದ್ದರು.